ರಾಮನ್ ಪರಿಣಾಮದ ಹಿಂದಿದ್ದ ಇನ್ನೊಂದು ಹೆಸರು: ಯಾರು ಈ ಕೆ.ಎಸ್. ಕೃಷ್ಣನ್?

ಪ್ರತಿ ವರ್ಷ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ದೇಶ ಸರ್ ಸಿ.ವಿ. ರಾಮನ್ ಅವರನ್ನು ಸ್ಮರಿಸುತ್ತದೆ. ಆದರೆ ಆ ಸಂಶೋಧನೆಯ ವೇಳೆ ಪ್ರಯೋಗಾಲಯದಲ್ಲಿ ಅವರ ಜೊತೆಗಿದ್ದ ಕೆ.ಎಸ್. ಕೃಷ್ಣನ್ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ.

ಕೃಷ್ಣನ್ ಹುಟ್ಟಿದ್ದು 1898ರ ಡಿಸೆಂಬರ್ 4ರಂದು, ಇಂದಿನ ತಮಿಳುನಾಡಿನ ವತ್ರಾಪ್‌ನಲ್ಲಿ. ಓದಿದ್ದು ಮದುರೈ ಮತ್ತು ಮದ್ರಾಸ್‌ನಲ್ಲಿ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದರೂ ಮನಸ್ಸು ಭೌತಶಾಸ್ತ್ರದ ಕಡೆಗಿತ್ತು. 1920ರಲ್ಲಿ ಕಲ್ಕತ್ತಾಗೆ ಹೋದ ಅವರು, 1923ರಲ್ಲಿ ರಾಮನ್ ತಂಡ ಸೇರಿದರು.

ಬಣ್ಣ ಬದಲಿಸಿದ ಬೆಳಕು

1928ರ ಫೆಬ್ರವರಿಯಲ್ಲಿ ಇಬ್ಬರೂ ಹಲವು ದ್ರವಗಳನ್ನು ಪರೀಕ್ಷಿಸಿದರು. ಧೂಳಿನ ಕಣ ಉಳಿದರೆ ಪ್ರಯೋಗ ಕೆಡುತ್ತಿತ್ತು. ಹಾಗಾಗಿ ದ್ರವಗಳನ್ನು ಶುದ್ಧೀಕರಿಸುವುದೇ ದೊಡ್ಡ ಕೆಲಸವಾಗಿತ್ತು. ಫಿಲ್ಟರ್ ಮೂಲಕ ಸೂರ್ಯನ ನೇರಳೆ ಬೆಳಕನ್ನಷ್ಟೇ ದ್ರವಕ್ಕೆ ಹಾಯಿಸಿ, ಚದುರಿ ಹೊರಬಂದ ಬೆಳಕಿಗೆ ನೇರಳೆಯನ್ನು ತಡೆಯುವ ಇನ್ನೊಂದು ಫಿಲ್ಟರ್ ಹಿಡಿದರು. ಏನೂ ಕಾಣಬಾರದಿತ್ತು, ಆದರೆ ಮಂದ ಬೆಳಕು ಕಂಡಿತು. ದ್ರವದ ಅಣುಗಳು ಬೆಳಕಿನ ಬಣ್ಣವನ್ನೇ ಬದಲಿಸಿದ್ದವು. ಆ ಬದಲಾವಣೆ ಪ್ರತಿ ಅಣುವಿನ ಗುರುತಿನ ಚೀಟಿ ಇದ್ದಂತೆ. ರಸಾಯನಶಾಸ್ತ್ರಜ್ಞರಿಗೆ ಅದು ಇಂದಿಗೂ ಮುಖ್ಯ ಸಾಧನ.

ಮಾರ್ಚ್ 31ರ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಇಬ್ಬರ ಹೆಸರೂ ಇತ್ತು. 1930ರ ನೊಬೆಲ್ ಮಾತ್ರ ರಾಮನ್ ಒಬ್ಬರಿಗೇ ಸಂದಿತು. ಕೃಷ್ಣನ್‌ಗೂ ಪಾಲು ಸಿಗಬೇಕಿತ್ತೇ ಎಂಬ ಚರ್ಚೆ ಈಗಲೂ ನಿಂತಿಲ್ಲ.

ಢಾಕಾದಲ್ಲಿ ಹೊಸ ದಾರಿ

ನೊಬೆಲ್ ಘೋಷಣೆಯಾದಾಗ ಕೃಷ್ಣನ್ ಢಾಕಾ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದರು. ಸತ್ಯೇಂದ್ರನಾಥ ಬೋಸ್ ಕೂಡ ಅಲ್ಲೇ ಇದ್ದರು. ಹರಳುಗಳ ಕಾಂತೀಯ ಗುಣ ಒಂದೊಂದು ದಿಕ್ಕಿನಲ್ಲಿ ಒಂದೊಂದು ರೀತಿ ಇರುತ್ತದೆ. ಅದನ್ನು ನಿಖರವಾಗಿ ಅಳೆಯುವ ವಿಧಾನವನ್ನು ಕೃಷ್ಣನ್ ರೂಪಿಸಿದರು. ಹರಳಿನೊಳಗೆ ಅಣುಗಳು ಹೇಗೆ ಜೋಡಿಸಿಕೊಂಡಿವೆ ಎಂದು ತಿಳಿಯಲು ಇದು ನೆರವಾಯಿತು.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರೆ, ಕೃಷ್ಣನ್ ಕಲ್ಕತ್ತಾಗೆ ಮರಳಿದರು. 1940ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1942ರಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯಕ್ಕೆ ಹೋದರು.

ದೆಹಲಿಯ ದಿನಗಳು

1947ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮೊದಲ ನಿರ್ದೇಶಕರಾದ ಕೃಷ್ಣನ್‌ಗೆ, 1954ರಲ್ಲಿ ಪದ್ಮಭೂಷಣ ಸಿಕ್ಕಿತು. 1958ರಲ್ಲಿ ಮೊದಲ ಭಟ್ನಾಗರ್ ಪ್ರಶಸ್ತಿಯೂ ಅವರಿಗೇ ಬಂತು. 1961ರ ಜೂನ್‌ನಲ್ಲಿ ನಿಧನರಾದರು.

ಪರಿಣಾಮಕ್ಕೆ ಅವರ ಹೆಸರು ಸೇರಲಿಲ್ಲ. ಆದರೆ ಅವರು ಕಟ್ಟಿ ಬೆಳೆಸಿದ ಪ್ರಯೋಗಾಲಯ ಇಂದು ಇರುವುದು ಡಾ. ಕೆ.ಎಸ್. ಕೃಷ್ಣನ್ ಮಾರ್ಗದಲ್ಲೇ.