ಗಾಜಿನ ಗುಟ್ಟು ಬಿಡಿಸಿದ ಗ್ರಿಫಿತ್

ಹಾಸ್ಟೆಲ್ ಕಿಟಕಿಗೆ ಗಾಜು ಹಾಕಿಸಲು ಹೋದಾಗ ಗಾಜು ಕತ್ತರಿಸುವುದನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಅಂಗಡಿಯವರು ಅದನ್ನು ಪೂರ್ತಿ ಕೊಯ್ಯಲೇ ಇಲ್ಲ. ಪುಟ್ಟ ಚಕ್ರದ ಕಟ್ಟರ್‌ನಿಂದ ಮೇಲೊಂದು ಗೀರು ಎಳೆದು, ಮೇಜಿನ ಅಂಚಿಗಿಟ್ಟು ಮೆಲ್ಲಗೆ ಒತ್ತಿದರು. ಟಕ್ ಎಂದು ಗೀರಿನುದ್ದಕ್ಕೂ ಎರಡಾಯಿತು. ಇಷ್ಟು ಸಣ್ಣ ಗೀರಿಗೆ ಅಷ್ಟು ಬಲ ಎಲ್ಲಿಂದ ಬಂತು? ನೂರು ವರ್ಷಗಳ ಹಿಂದೆ ಇದಕ್ಕೆ ಲೆಕ್ಕ ಹಾಕಿ ಉತ್ತರ ಕೊಟ್ಟವರು ಅಲನ್ ಆರ್ನಾಲ್ಡ್ ಗ್ರಿಫಿತ್.

1893ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಅವರು ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, 1915ರಲ್ಲಿ ಫಾರ್ನ್‌ಬರೋದ ಸರ್ಕಾರಿ ವಿಮಾನ ಕಾರ್ಖಾನೆ ಸೇರಿದರು. ಅಲ್ಲಿ ಜಿ.ಐ. ಟೇಲರ್ ಜೊತೆ ಸೇರಿ, ತಿರುಚಿದ ದಂಡದೊಳಗಿನ ಒತ್ತಡವನ್ನು ಸಾಬೂನಿನ ಪೊರೆಯಿಂದ ಅಳೆಯುವ ದಾರಿ ಕಂಡುಕೊಂಡರು. ಗ್ರಿಫಿತ್ ಹೆಸರಿನ ಜೊತೆಗೆ ಸಾಬೂನೂ ಅಂಟಿಕೊಂಡಿತು!

ಆಮೇಲೆ ಹಿಡಿದದ್ದು ಗಾಜನ್ನು. ಪರಮಾಣುಗಳ ನಡುವಿನ ಸೆಳೆತವನ್ನು ಲೆಕ್ಕ ಹಾಕಿದರೆ ಗಾಜು ಈಗಿರುವುದಕ್ಕಿಂತ ಹತ್ತಾರು ಪಟ್ಟು ಗಟ್ಟಿಯಾಗಿರಬೇಕು. ಯಾಕಿಲ್ಲ? ಕಣ್ಣಿಗೆ ಕಾಣದ ಬಿರುಕುಗಳು ಮೊದಲೇ ಇರುತ್ತವೆ ಎಂದರು ಗ್ರಿಫಿತ್. ಬಿರುಕು ಬೆಳೆಯಲು ಹೊಸ ಮೇಲ್ಮೈ ಹುಟ್ಟಬೇಕು, ಅದಕ್ಕೆ ಶಕ್ತಿಯ ಖರ್ಚುಂಟು. ಎಳೆದು ಹಿಡಿದ ಗಾಜು ಸಡಿಲವಾದಾಗ ಶಕ್ತಿಯ ಆದಾಯವೂ ಉಂಟು. ಬಿರುಕು ಚಿಕ್ಕದಿರುವಾಗ ಖರ್ಚೇ ಹೆಚ್ಚು. ಒಂದು ಉದ್ದ ದಾಟಿತೋ, ಆದಾಯ ಖರ್ಚನ್ನು ಮೀರುತ್ತದೆ, ಬಿರುಕು ತಾನಾಗಿ ಓಡುತ್ತದೆ. ಗಾಜಿನ ಬುರುಡೆ, ಕೊಳವೆಗಳಲ್ಲಿ ಬೇಕೆಂದೇ ಬಿರುಕು ಮಾಡಿ, ಒಳಗೆ ಒತ್ತಡ ಏರಿಸಿ ಒಡೆದು, ಈ ಲೆಕ್ಕವನ್ನು ಅವರು ಪರೀಕ್ಷಿಸಿದರು.

ನನಗೆ ಬಹಳ ಹಿಡಿಸಿದ್ದು ಎಳೆಗಳ ಪ್ರಯೋಗ. ಗಾಜನ್ನು ಕಾಯಿಸಿ ಎಳೆದು ದಾರ ಮಾಡಿದರು. ಸುಮಾರು 1 ಮಿ.ಮೀ. ದಪ್ಪದ ಎಳೆ ಚದರ ಅಂಗುಲಕ್ಕೆ 25,000 ಪೌಂಡಿನಷ್ಟು ಸೆಳೆತದಲ್ಲೇ ತುಂಡಾಯಿತು. ಅದರ 300ನೇ ಒಂದು ಭಾಗ ದಪ್ಪದ ಎಳೆ 4,90,000 ಪೌಂಡ್‌ವರೆಗೆ ತಡೆಯಿತು. ತೆಳ್ಳಗಾದಷ್ಟೂ ಗಟ್ಟಿ! ದೊಡ್ಡ ಬಿರುಕಿಗೆ ಅಷ್ಟು ತೆಳು ಎಳೆಯಲ್ಲಿ ಜಾಗವೇ ಇಲ್ಲವಲ್ಲ. 1920ರಲ್ಲಿ ಈ ಪ್ರಬಂಧ ಮಂಡಿಸಿದಾಗ ಅವರಿಗೆ 27 ವರ್ಷ ತುಂಬಿರಲಿಲ್ಲ.

ಮುಂದಿನದು ಬೇಸರದ ಕಥೆ. ಸಹಾಯಕ ಬೆನ್ ಲಾಕ್‌ಸ್ಪೈಸರ್ ಒಂದು ಸಂಜೆ ಗಾಜು ಕರಗಿಸುವ ಬೆಂಕಿ ಆರಿಸಲು ಮರೆತು ಬೆಂಕಿ ಅನಾಹುತವಾಯಿತಂತೆ. ವಿಚಾರಣೆಯ ಬಳಿಕ, ಇಂಥದ್ದಕ್ಕೆಲ್ಲ ಸಮಯ ಹಾಳುಮಾಡಬೇಡಿ ಎಂದು ಗ್ರಿಫಿತ್ ಅವರನ್ನು ಎಂಜಿನ್ ವಿಭಾಗಕ್ಕೆ ಕಳಿಸಿದರು ಎನ್ನುತ್ತಾರೆ. (ಮರೆತ ಲಾಕ್‌ಸ್ಪೈಸರ್ ಮುಂದೆ ಸರ್ನ್ ಮಂಡಳಿಯ ಮೊದಲ ಅಧ್ಯಕ್ಷರಾದರು. ಲ್ಯಾಬ್‌ನಲ್ಲಿ ಬೈಸಿಕೊಂಡವರು ಗಮನಿಸಿ.) ಬಿರುಕಿನ ಸಿದ್ಧಾಂತವನ್ನು ಎಂಜಿನಿಯರುಗಳು ಹೆಚ್ಚುಕಡಿಮೆ ಮರೆತರು. ಎರಡನೇ ಮಹಾಯುದ್ಧದಲ್ಲಿ ಬೆಸುಗೆ ಹಾಕಿದ ಉಕ್ಕಿನ ಹಡಗುಗಳೇ ಸೀಳಿಹೋದ ನಂತರ ಅದು ಮತ್ತೆ ಬೇಕಾಯಿತು.

ಎಂಜಿನ್‌ನಲ್ಲೂ ಗ್ರಿಫಿತ್ ಸುಮ್ಮನಿರಲಿಲ್ಲ. 1926ರಲ್ಲೇ ಟರ್ಬೈನ್ ಅಲಗುಗಳಿಗೆ ಹೊಸ ಸಿದ್ಧಾಂತ ಕೊಟ್ಟರು. ಆದರೆ 22ರ ಹರೆಯದ ಫ್ರಾಂಕ್ ವಿಟಲ್ ಜೆಟ್ ಎಂಜಿನ್ ಯೋಜನೆ ತಂದಾಗ, ಅದರ ಲೆಕ್ಕದಲ್ಲಿ ತಪ್ಪು ಹುಡುಕಿ, ಇದು ನಡೆಯುವಂಥದ್ದಲ್ಲ ಎಂದವರೂ ಇದೇ ಗ್ರಿಫಿತ್. ಸರ್ಕಾರ ವಿಟಲ್‌ಗೆ ಬೆನ್ನು ತಿರುಗಿಸಿತು. ತನ್ನ ಕೆಲಸ ಮೇಲಿನವರಿಗೆ ಅರ್ಥವಾಗದೆ ನಿಂತದ್ದನ್ನು ಕಂಡವರು ಹೀಗೆ ಮಾಡಬಾರದಿತ್ತು ಎಂದು ನನಗನಿಸುತ್ತದೆ. ಲೆಕ್ಕದಲ್ಲಿ ತಪ್ಪಿದ್ದದ್ದು ನಿಜ, ಉಪಾಯ ತಪ್ಪಾಗಿರಲಿಲ್ಲ. 1937ರಲ್ಲಿ ವಿಟಲ್ ಎಂಜಿನ್ ಓಡಿತು.

ಗ್ರಿಫಿತ್ 1939ರಲ್ಲಿ ರೋಲ್ಸ್ ರಾಯ್ಸ್ ಸೇರಿ, 1960ರವರೆಗೆ ದುಡಿದು, 1963ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಗಾಜಿನ ಎಳೆಗಳನ್ನು ರಾಳದಲ್ಲಿ ಹುದುಗಿಸಿದ ಫೈಬರ್‌ಗ್ಲಾಸ್ ದೋಣಿಗಳು ನೀರಿಗಿಳಿದಿದ್ದವು. ಒಂದೆಳೆ ತುಂಡಾದರೂ ಬಿರುಕು ಪಕ್ಕದ ಎಳೆಗೆ ಸುಲಭವಾಗಿ ದಾಟದು. 1970ರ ದಶಕದಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಇದನ್ನೇ ತಿರುಗಿಸಿ, ಗಾಜಿನೊಳಗೇ ಕಾರ್ಬನ್ ಎಳೆಗಳನ್ನು ಹುದುಗಿಸಿದರು. ಗಾಜು ಬಿರಿದರೂ ಎಳೆಗಳು ಹೊಲಿಗೆಯಂತೆ ಎರಡೂ ದಡಗಳನ್ನು ಹಿಡಿದುಕೊಳ್ಳುತ್ತವೆ. ಗಾಜಿನಷ್ಟೇ ಬಿರುಸಾದ ಸೆರಾಮಿಕ್‌ಗೂ ಈ ಉಪಾಯ ಸಲ್ಲುತ್ತದೆ. ನಮ್ಮ ದೇಶದಲ್ಲಿ ಹಾರುವ ಏರ್‌ಬಸ್ ಎ320 ನಿಯೋ ವಿಮಾನಗಳಲ್ಲಿ ಕೆಲವಕ್ಕೆ ಲೀಪ್ ಎಂಜಿನ್ ಇದೆ. ಅದರ ಟರ್ಬೈನ್ ಅಲಗುಗಳ ಸುತ್ತಲಿನ ಬಳೆ ಸಿಲಿಕಾನ್ ಕಾರ್ಬೈಡ್ ಎಳೆ ಹುದುಗಿಸಿದ ಸೆರಾಮಿಕ್‌ನದು. ಗ್ರಿಫಿತ್ ಬಿಟ್ಟು ಬಂದ ಬಿರುಕು, ಹೋಗಿ ಸೇರಿದ ಟರ್ಬೈನ್, ಎರಡೂ ಅಲ್ಲಿ ಒಂದೇ ಕಡೆ ಇವೆ.