ಸೇತುವೆಯ ಕಲ್ಲಲ್ಲಿ ಕೆತ್ತಿದ ಸೂತ್ರ

ಹ್ಯಾಮಿಲ್ಟನ್ ಅನ್ನೋ ಹೆಸರನ್ನ ನಾವೆಲ್ಲ ಒಂದಲ್ಲ ಒಂದು ಕಡೆ ಕೇಳೇ ಇರ್ತೀವಿ. ಗ್ರಾಫ್ ಥಿಯರಿಯ ಹ್ಯಾಮಿಲ್ಟೋನಿಯನ್ ಸೈಕಲ್, ಫಿಸಿಕ್ಸ್‌ನ ಹ್ಯಾಮಿಲ್ಟೋನಿಯನ್, ಎರಡೂ ಅವರ ಹೆಸರಿನವೇ. ಆದರೆ ಅವರು ಬದುಕಿನ ಕೊನೆಯ 22 ವರ್ಷ ಕೊಟ್ಟಿದ್ದು ಬೇರೆ ವಿಷಯಕ್ಕೆ. ಅವರು ತೀರಿಕೊಂಡ ಮೇಲೆ ಅದು ಪಠ್ಯಪುಸ್ತಕಗಳಿಂದ ಹೆಚ್ಚುಕಡಿಮೆ ಮಾಯವಾಯಿತು. ಇವತ್ತು ಅದೇ ವಿಷಯ 5 ಆಕ್ಸಿಸ್ ಸಿಎನ್‌ಸಿ ಮೆಷಿನ್‌ನ ಟೂಲ್ ಅನ್ನು ನಯವಾಗಿ ತಿರುಗಿಸೋಕೆ ಬೇಕಾಗಿದೆ.

ವಿಲಿಯಂ ರೋವನ್ ಹ್ಯಾಮಿಲ್ಟನ್ ಹುಟ್ಟಿದ್ದು 1805ರ ಆಗಸ್ಟ್‌ನಲ್ಲಿ, ಐರ್ಲೆಂಡಿನ ಡಬ್ಲಿನ್‌ನಲ್ಲಿ. ತೀರಾ ಚಿಕ್ಕವರಿದ್ದಾಗಲೇ ಅವರನ್ನು ಟ್ರಿಮ್ ಅನ್ನೋ ಊರಿಗೆ, ತಂದೆಯ ಸಹೋದರ ಜೇಮ್ಸ್ ಹತ್ತಿರ ಬೆಳೆಯೋಕೆ ಕಳಿಸಿದರು. ಅಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಅಷ್ಟೇ ಅಲ್ಲ, ಪರ್ಷಿಯನ್, ಸಂಸ್ಕೃತದ ಪಾಠವೂ ಆಯಿತು. 1813ರಲ್ಲಿ ಅಮೆರಿಕದಿಂದ ಬಂದಿದ್ದ ಜೆರಾ ಕೋಲ್ಬರ್ನ್ ಎಂಬ ಬಾಯಿಲೆಕ್ಕದ ಹುಡುಗನ ಜೊತೆ ಸ್ಪರ್ಧೆ ನಡೆದು, ಹ್ಯಾಮಿಲ್ಟನ್ ಸೋತರು. ಮುಂದೆ ಅವರ ಮನಸ್ಸು ಭಾಷೆಗಳಿಂದ ಗಣಿತದ ಕಡೆ ವಾಲಿತು.

1823ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜು ಸೇರಿದರು. 1827ರಲ್ಲಿ, ಇನ್ನೂ ಡಿಗ್ರಿ ಮುಗಿಯೋ ಮೊದಲೇ, ಅದೇ ಕಾಲೇಜಿನ ಖಗೋಳಶಾಸ್ತ್ರದ ಪ್ರೊಫೆಸರ್ ಆದರು! ಡನ್ಸಿಂಕ್ ವೀಕ್ಷಣಾಲಯವೇ ಮನೆಯಾಯಿತು. 1832ರಲ್ಲಿ ಕೆಲವು ಹರಳುಗಳೊಳಗೆ ಬೆಳಕಿನ ಕಿರಣ ಕೋನ್ ಆಕಾರದಲ್ಲಿ ಹರಡಬೇಕು ಅಂತ ಬರೀ ಲೆಕ್ಕದಿಂದ ಹೇಳಿದರು. ಹಂಫ್ರಿ ಲಾಯ್ಡ್ ಅದನ್ನು ಪ್ರಯೋಗ ಮಾಡಿ ತೋರಿಸಿದರು. 30ರ ವಯಸ್ಸಿಗೆ ಸರ್ ಪದವಿಯೂ ಬಂತು.

ಇಷ್ಟಾದರೂ ಒಂದು ಪ್ರಶ್ನೆ ಅವರನ್ನು ಬಿಡಲಿಲ್ಲ. ಕಾಂಪ್ಲೆಕ್ಸ್ ನಂಬರ್ ಒಂದನ್ನು ಐ ಇಂದ ಗುಣಿಸಿದರೆ ಅದು ಸಮತಲದಲ್ಲಿ 90 ಡಿಗ್ರಿ ತಿರುಗುತ್ತೆ. ಎರಡು ಆಯಾಮದಲ್ಲಿ ಇಷ್ಟು ಸುಲಭ ಆದರೆ ಮೂರು ಆಯಾಮದಲ್ಲಿ ಹೇಗೆ? ಮೂರು ಸಂಖ್ಯೆಗಳ ಗುಂಪುಗಳನ್ನು ಕೂಡಬಹುದಿತ್ತು, ಕಳೆಯಬಹುದಿತ್ತು. ಗುಣಾಕಾರ ಮಾತ್ರ ವರ್ಷಗಟ್ಟಲೆ ಒದ್ದಾಡಿದರೂ ಕೂಡಿಬರಲಿಲ್ಲ. ಬೆಳಗಿನ ತಿಂಡಿಗೆ ಬಂದಾಗ ಮಕ್ಕಳೂ ಗುಣಾಕಾರ ಬಂತಾ ಅಂತ ಕೇಳೋರು. ಅಪ್ಪ ತಲೆ ಅಲ್ಲಾಡಿಸಿ ಇಲ್ಲ ಅನ್ನೋರು.

1843ರ ಅಕ್ಟೋಬರ್ 16, ಸೋಮವಾರ. ರಾಯಲ್ ಐರಿಷ್ ಅಕಾಡೆಮಿಯ ಸಭೆಗೆ ಹೆಂಡತಿ ಹೆಲೆನ್ ಜೊತೆ ರಾಯಲ್ ಕೆನಾಲ್ ಪಕ್ಕ ನಡೆದು ಹೋಗ್ತಿದ್ದರು. ಬ್ರೂಮ್ ಸೇತುವೆ ಹತ್ತಿರ ಉತ್ತರ ಹೊಳೆಯಿತು: ಮೂರಲ್ಲ, ನಾಲ್ಕು ಸಂಖ್ಯೆ ಬೇಕು. ಚಾಕು ತೆಗೆದು ಸೇತುವೆಯ ಕಲ್ಲಿನ ಮೇಲೆಯೇ ಸೂತ್ರ ಕೆತ್ತಿದರು. ಐ ವರ್ಗ, ಜೆ ವರ್ಗ, ಕೆ ವರ್ಗ, ಐಜೆಕೆ ಗುಣಲಬ್ಧ, ಎಲ್ಲವೂ ಮೈನಸ್ 1. ಇದೇ ಕ್ವಾಟರ್ನಿಯನ್.

ಇದಕ್ಕೆ ಅವರು ಒಂದು ನಿಯಮವನ್ನೇ ಬಿಟ್ಟುಕೊಡಬೇಕಾಯಿತು. ಇಲ್ಲಿ ಐಜೆ ಮತ್ತು ಜೆಐ ಒಂದೇ ಅಲ್ಲ, ಚಿಹ್ನೆ ಬದಲಾಗುತ್ತೆ. ವಿಚಿತ್ರ ಅನಿಸಿದರೆ ಟೇಬಲ್ ಮೇಲಿರೋ ಪುಸ್ತಕ ತಗೊಳ್ಳಿ. ಮೊದಲು ನಿಮ್ಮ ಕಡೆಗೆ 90 ಡಿಗ್ರಿ ಎತ್ತಿ ನಿಲ್ಲಿಸಿ, ಆಮೇಲೆ ನಿಂತ ಹಾಗೇ ಬಲಕ್ಕೆ 90 ಡಿಗ್ರಿ ತಿರುಗಿಸಿ. ಈಗ ಇವೆರಡನ್ನೇ ಹಿಂದುಮುಂದು ಮಾಡಿ ನೋಡಿ. ಪುಸ್ತಕ ಬೇರೆ ರೀತಿ ನಿಂತಿರುತ್ತೆ. ತಿರುಗುವಿಕೆಯ ಗುಣವೇ ಅದು.

ಅಲ್ಲಿಂದ ಮುಂದೆ ಅವರಿಗೆ ಕ್ವಾಟರ್ನಿಯನ್ನೇ ಸರ್ವಸ್ವ. 1853ರಲ್ಲಿ ಒಂದು ದಪ್ಪ ಪುಸ್ತಕ ಬಂತು, ಓದಿದವರು ಕಡಿಮೆ. ಎರಡನೆಯದನ್ನು ಬರೆಯುತ್ತಲೇ 1865ರ ಸೆಪ್ಟೆಂಬರ್ 2ರಂದು ತೀರಿಕೊಂಡರು. ಅದನ್ನು ಮರುವರ್ಷ ಮಗ ಪ್ರಕಟಿಸಿದರು. ಆಮೇಲೆ ಗಿಬ್ಸ್ ಮತ್ತು ಹೆವಿಸೈಡ್, ಕ್ವಾಟರ್ನಿಯನ್‌ನಿಂದ ಡಾಟ್ ಪ್ರಾಡಕ್ಟ್, ಕ್ರಾಸ್ ಪ್ರಾಡಕ್ಟ್ ಬೇರ್ಪಡಿಸಿ ವೆಕ್ಟರ್ ಗಣಿತ ಕಟ್ಟಿದರು. ನಾವು ಕಲಿಯೋದು ಅದನ್ನೇ. ನಮ್ಮ ವೆಕ್ಟರ್‌ಗಳ ಐ, ಜೆ, ಕೆ ಮಾತ್ರ ಹ್ಯಾಮಿಲ್ಟನ್ನರದೇ. ಮಹಾ ಬುದ್ಧಿವಂತನೊಬ್ಬ ಅರ್ಧ ಆಯಸ್ಸು ವ್ಯರ್ಥ ಮಾಡಿಕೊಂಡ ಅಂತ ಬಹಳ ಜನ ಅಂದುಕೊಂಡರು.

ಈಗ ಮೆಷಿನ್ ಹತ್ತಿರ ಬರೋಣ. 5 ಆಕ್ಸಿಸ್ ಮೆಷಿನ್‌ನಲ್ಲಿ ಮೂರು ನೇರ ಚಲನೆ, ಎರಡು ತಿರುಗೋ ಚಲನೆ. ಎ ಆಕ್ಸಿಸ್ ವಾಲಿಸುತ್ತೆ, ಸಿ ಆಕ್ಸಿಸ್ ಸುತ್ತ ತಿರುಗಿಸುತ್ತೆ ಅಂದುಕೊಳ್ಳಿ. ಟೂಲ್ ಮೊದಲು ಎಕ್ಸ್ ಕಡೆ 1 ಡಿಗ್ರಿ ವಾಲಿದೆ, ಮುಂದಿನ ಬಿಂದುವಿನಲ್ಲಿ ವೈ ಕಡೆ 1 ಡಿಗ್ರಿ ವಾಲಬೇಕು. ಟೂಲ್‌ನ ದಿಕ್ಕು ಬದಲಾಗಿದ್ದು ಸುಮಾರು 1.4 ಡಿಗ್ರಿ ಅಷ್ಟೇ. ಆದರೆ ಸಿ ಆಕ್ಸಿಸ್ 90 ಡಿಗ್ರಿ ತಿರುಗಬೇಕು! ಮೆಷಿನ್ ಒಮ್ಮೆಲೇ ನಿಧಾನವಾಗುತ್ತೆ, ಜಾಬ್ ಮೇಲೆ ಗುರುತು ಬೀಳುತ್ತೆ. ಎರಡು ಕೋನಗಳನ್ನು ಬೇರೆ ಬೇರೆ ಸಂಖ್ಯೆಗಳಂತೆ ನೋಡಿದರೆ ಬಿಂದುಗಳ ನಡುವೆ ಟೂಲ್ ಹತ್ತಿರದ ದಾರಿ ಬಿಟ್ಟು ಆಚೀಚೆ ಹೋಗಬಹುದು.

ಇದನ್ನು ಸರಿಪಡಿಸೋ ವಿಧಾನಗಳಲ್ಲಿ ಕ್ವಾಟರ್ನಿಯನ್ ಒಂದು. ಟೂಲ್‌ನ ದಿಕ್ಕನ್ನು ಒಂದೇ ತಿರುಗುವಿಕೆಯಾಗಿ ಬರೆದು, ಅತಿ ಹತ್ತಿರದ ಕಮಾನಿನ ಮೇಲೆ ಸಮ ವೇಗದಲ್ಲಿ ಒಯ್ಯಬಹುದು. ಸ್ಲರ್ಪ್ ಅನ್ನೋ ಈ ವಿಧಾನವನ್ನು 1985ರಲ್ಲಿ ಕೆನ್ ಶೂಮೇಕ್ ಕಂಪ್ಯೂಟರ್ ಅನಿಮೇಷನ್‌ಗೋಸ್ಕರ ಕೊಟ್ಟರು. ಹಾಗಂತ ಮೆಷಿನ್‌ನ ಮಿತಿ ಹೋಗಿಬಿಡಲ್ಲ. ಟೂಲ್ ನೆಟ್ಟಗಾಗೋ ಜಾಗದ ಹತ್ತಿರ ದಾರಿಯನ್ನು ಸ್ವಲ್ಪ ಸರಿಸಿ, ಸಿ ಆಕ್ಸಿಸ್‌ನ ತಿರುವನ್ನು ಹೆಚ್ಚು ಬಿಂದುಗಳಿಗೆ ಹಂಚೋ ಕೆಲಸ ಪ್ರೋಗ್ರಾಂ ಬರೆಯುವವರದ್ದೇ.

ಹ್ಯಾಮಿಲ್ಟನ್ ಕೆತ್ತಿದ ಅಕ್ಷರಗಳು ಯಾವತ್ತೋ ಅಳಿಸಿ ಹೋಗಿವೆ. 1958ರಲ್ಲಿ ಆ ಸೇತುವೆಗೆ ಒಂದು ಫಲಕ ಹಾಕಿದರು. ಈಗ ಅಕ್ಟೋಬರ್ 16 ಬಂದರೆ ಗಣಿತದವರು, ವಿದ್ಯಾರ್ಥಿಗಳು ಡನ್ಸಿಂಕ್‌ನಿಂದ ಅಲ್ಲಿವರೆಗೆ ನಡೆದುಕೊಂಡು ಹೋಗ್ತಾರೆ.