ಅನುದಿನದ ಆಹಾರ: ರಾಬರ್ಟ್ ಮರ್ರಿ ಮಕ್‌ಶೇನ್ ಅಯ್ಯನವರ ಚರಿತ್ರೆ

ಹೊಸ ವರುಷದ ಮೊದಲನೆಯ ದಿನದಲ್ಲಿ, ಈ ವರುಷ ಸತ್ಯವೇದವನ್ನು ಆದ್ಯಂತವಾಗಿ ಓದಿ ಮುಗಿಸುವೆವೆಂದು ನಮ್ಮ ಸಭೆಗಳಲ್ಲಿ ಅನೇಕರು ನಿಶ್ಚಯಿಸಿಕೊಳ್ಳುವದುಂಟು. ಆದಿಕಾಂಡದ ಪಿತೃಗಳ ಚರಿತ್ರೆಯು ಸುಲಭವಾಗಿ ಸಾಗುವದು. ವಿಮೋಚನಕಾಂಡದಲ್ಲಿ ಸಮುದ್ರವನ್ನೂ ದಾಟುವೆವು. ಯಾಜಕಕಾಂಡಕ್ಕೆ ಬಂದ ಕೂಡಲೆ ಕೆಸರಿನಲ್ಲಿ ಹೂತ ಬಂಡಿಯಂತೆ ನಿಂತುಬಿಡುವೆವು. ಇದನ್ನು ಬರೆಯುವ ನಾವೂ ಒಂದು ವರುಷ ಹೀಗೆಯೇ ಪ್ರಾರಂಭಿಸಿ, ಮಳೆಗಾಲದಲ್ಲಿ ಇಪ್ಪತ್ತು ದಿನಗಳ ಪಾಠವನ್ನು ಬಾಕಿ ಉಳಿಸಿ, ವರುಷದ ಕಡೇ ವಾರದಲ್ಲಿ ಪ್ರವಾದಿಗಳ ಗ್ರಂಥಗಳನ್ನು, ಹೊತ್ತು ಮುಳುಗುವದರೊಳಗೆ ಹೊಲವನ್ನು ಕೊಯ್ದು ಹಾಕುವ ಆಳಿನಂತೆ ಅವಸರವಾಗಿ ಓದಿ, ಕಾಗದದ ಮೇಲೆ ಗುರುತುಗಳನ್ನೆಲ್ಲಾ ತುಂಬಿಸಿದೆವು. ಕಾಗದವು ತುಂಬಿತು, ಹೃದಯವು ಬರಿದಾಗಿಯೇ ಇತ್ತು. ತರುವಾಯ ಮಕ್‌ಶೇನ್ ಅಯ್ಯನವರ ಚರಿತ್ರೆಯನ್ನು ಓದಿದಾಗ ನಮಗೆ ನಾಚಿಕೆಯೂ ಉಂಟಾಯಿತು, ಧೈರ್ಯವೂ ಉಂಟಾಯಿತು. ಆದದರಿಂದ ಅದನ್ನು ಪ್ರಿಯ ವಾಚಕರಿಗೆ ಸಂಕ್ಷೇಪವಾಗಿ ತಿಳಿಸುತ್ತೇವೆ.

ರಾಬರ್ಟ್ ಮರ್ರಿ ಮಕ್‌ಶೇನ್ ಎಂಬವರು 1813ನೆಯ ಇಸವಿ ಮೇ 21ರಲ್ಲಿ ಸ್ಕಾಟ್ಲೆಂಡ್ ದೇಶದ ಎಡಿನ್‌ಬರೋ ಪಟ್ಟಣದಲ್ಲಿ ನ್ಯಾಯಶಾಸ್ತ್ರವನ್ನು ಬಲ್ಲ ಒಬ್ಬ ಗೃಹಸ್ಥರ ಕಡೇ ಮಗನಾಗಿ ಹುಟ್ಟಿದರು. ನಾಲ್ಕು ವರುಷದ ಬಾಲಕನಾಗಿದ್ದಾಗ ರೋಗದಿಂದ ಎದ್ದು ಸುಧಾರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಆಟವಾಗಿ ಗ್ರೀಕ್ ಅಕ್ಷರಗಳನ್ನು ಕಲಿತರು. ಯೌವನದಲ್ಲಿ ಪದ್ಯಗಳಲ್ಲಿಯೂ ಸಂಗೀತದಲ್ಲಿಯೂ ಚಿತ್ರ ಬರೆಯುವದರಲ್ಲಿಯೂ ಜಾಣರೆನಿಸಿಕೊಂಡಿದ್ದರು. ಆದರೆ ವಿದ್ಯೆಯು ಬೇರೆ, ಜೀವವು ಬೇರೆ. 1831ನೆಯ ಇಸವಿ ಜುಲೈ 8ರಲ್ಲಿ ಅವರ ಅಣ್ಣನಾದ ದಾವೀದನು ತೀರಿಹೋದನು. ಈ ಅಣ್ಣನು ತಮ್ಮನ ಆತ್ಮಕ್ಕೋಸ್ಕರ ಬಹಳವಾಗಿ ಪ್ರಾರ್ಥಿಸಿದ್ದವನು. ಆ ಮರಣವು ತಮ್ಮನ ಹೃದಯವನ್ನು ಉಳುವ ನೇಗಿಲಾಯಿತು. ಅದೇ ವರುಷದ ಚಳಿಗಾಲದಲ್ಲಿ ಅವರು ದೇವಶಾಸ್ತ್ರದ ಪಾಠಶಾಲೆಯನ್ನು ಸೇರಿ, ಪ್ರಸಿದ್ಧರಾದ ಥಾಮಸ್ ಚಾಮರ್ಸ್ ಪಂಡಿತರ ಪಾದಗಳ ಬಳಿಯಲ್ಲಿ ಕಲಿತರು.

1836ನೆಯ ಇಸವಿ ನವೆಂಬರ್ 24ರಲ್ಲಿ ಡಂಡೀ ಪಟ್ಟಣದ ಪರಿಶುದ್ಧ ಪೇತ್ರನ ದೇವಾಲಯಕ್ಕೆ ಸಭಾಪಾಲಕರಾಗಿ ನೇಮಿಸಲ್ಪಟ್ಟಾಗ ಅವರ ಪ್ರಾಯ 23. ಆ ಪಟ್ಟಣವು ನಾರುಬಟ್ಟೆ ನೇಯುವ ಊರು. ಗಿರಣಿಗಳ ಹೊಗೆಯಲ್ಲಿ ದುಡಿಯುವ ಬಡವರಿಂದ ತುಂಬಿದ ಊರು. ಅವರ ಪಾಲಿಗೆ ಬಂದ ಕೇರಿಗಳಲ್ಲಿ ಸುಮಾರು 4,000 ಜನರಿದ್ದರು. ಪ್ರಸಂಗ ಕೇಳಲು ಬರುವವರು ಸುಮಾರು 1,100. ಅಯ್ಯನವರು ಮನೆಮನೆಗೆ ಹೋಗಿ, ರೋಗಿಗಳನ್ನು ನೋಡಿ, ಮಕ್ಕಳಿಗೆ ಕಲಿಸಿ, ಗುರುವಾರ ಸಾಯಂಕಾಲದಲ್ಲಿ ಪ್ರಾರ್ಥನಾಕೂಟವನ್ನು ನಡಿಸಿದರು.

ಎರಡು ವರುಷಗಳಲ್ಲಿಯೇ ಅವರ ಶರೀರವು ಕುಗ್ಗಿ, ಎದೆಬಡಿತದ ರೋಗವು ಹೆಚ್ಚಾದದರಿಂದ ಕೆಲಸವನ್ನು ಬಿಟ್ಟು ವಿಶ್ರಮಿಸಿಕೊಳ್ಳಬೇಕಾಯಿತು. ಆಗ ಸ್ಕಾಟ್ಲೆಂಡಿನ ಸಭೆಯವರು ಯೆಹೂದ್ಯರ ಸ್ಥಿತಿಯನ್ನು ವಿಚಾರಿಸುವದಕ್ಕೆ ನಾಲ್ವರನ್ನು ಪಾಲೆಸ್ತೀನಕ್ಕೆ ಕಳುಹಿಸಿದರು. ಮಕ್‌ಶೇನ್ ಅಯ್ಯನವರೂ ಅವರ ಸ್ನೇಹಿತರಾದ ಆಂಡ್ರೂ ಬೋನಾರ್ ಅಯ್ಯನವರೂ ಅವರಲ್ಲಿ ಇಬ್ಬರು. 1839ರಲ್ಲಿ ಅವರು ದೂರದೇಶದಲ್ಲಿ ಜ್ವರದಿಂದ ಮಲಗಿದ್ದ ಕಾಲದಲ್ಲಿಯೇ, ಡಂಡೀಯಲ್ಲಿ ಅವರಿಗೆ ಬದಲಾಗಿ ನಿಂತಿದ್ದ ವಿಲಿಯಂ ಬರ್ನ್ಸ್ ಎಂಬ ಯೌವನಸ್ಥರ ಪ್ರಸಂಗದಿಂದ ಸಭೆಯಲ್ಲಿ ದೊಡ್ಡ ಉಜ್ಜೀವನವುಂಟಾಯಿತು. ನವೆಂಬರಿನಲ್ಲಿ ಹಿಂತಿರುಗಿ ಬಂದ ಅಯ್ಯನವರು ಸಭೆಯಲ್ಲಿ ವಾರವಾರವೂ 39 ಪ್ರಾರ್ಥನಾಕೂಟಗಳು ನಡೆಯುವದನ್ನೂ, ಅವುಗಳಲ್ಲಿ ಐದನ್ನು ಚಿಕ್ಕಮಕ್ಕಳೇ ನಡಿಸುವದನ್ನೂ ಕಂಡರು. ತಾವು ಇಲ್ಲದಾಗ ಬೇರೊಬ್ಬರ ಕೈಯಿಂದ ಆದ ಈ ಬೆಳೆಯನ್ನು ನೋಡಿ ಅವರು ಹೊಟ್ಟೆಕಿಚ್ಚುಪಡದೆ ದೇವರನ್ನು ಕೊಂಡಾಡಿದರು.

ಆದರೆ ಎದ್ದ ಬೆಂಕಿಯು ಆರದಂತೆ ನೋಡಿಕೊಳ್ಳುವದು ಹೇಗೆ? ಅದಕ್ಕೆ ದಿನದಿನವೂ ಕಟ್ಟಿಗೆ ಬೇಕು. 1842ನೆಯ ಇಸವಿ ದಶಂಬರ್ 30ರ ದಿನಾಂಕವಿಟ್ಟು ಅವರು ತಮ್ಮ ಸಭೆಯವರಿಗೆ ಒಂದು ಪತ್ರವನ್ನೂ, ಅದರ ಸಂಗಡ ಒಂದು ಪಠನಪಟ್ಟಿಯನ್ನೂ ಕೊಟ್ಟರು. ಅದಕ್ಕೆ ಅನುದಿನದ ಆಹಾರವೆಂಬರ್ಥದ ಹೆಸರನ್ನಿಟ್ಟರು. ಅದರ ಕ್ರಮ ಹೇಗಂದರೆ: ನಡುವೆ ತಿಂಗಳಿನ ದಿನ, ಒಂದು ಕಡೆಯಲ್ಲಿ ಕುಟುಂಬವಾಗಿ ಓದತಕ್ಕ ಎರಡು ಭಾಗಗಳು, ಮತ್ತೊಂದು ಕಡೆಯಲ್ಲಿ ಏಕಾಂತದಲ್ಲಿ ಓದತಕ್ಕ ಎರಡು ಭಾಗಗಳು. ಹೀಗೆ ದಿನಕ್ಕೆ ಸುಮಾರು ನಾಲ್ಕು ಅಧ್ಯಾಯಗಳನ್ನು ಓದಿದರೆ ಒಂದು ವರುಷದಲ್ಲಿ ಹಳೇ ಒಡಂಬಡಿಕೆಯು ಒಂದಾವರ್ತಿ, ಹೊಸ ಒಡಂಬಡಿಕೆಯೂ ಕೀರ್ತನೆಗಳೂ ಎರಡಾವರ್ತಿ ಮುಗಿಯುವವು. ಜನವರಿ 1ರ ಪಾಠಗಳು ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು ಎಂಬ ನಾಲ್ಕು ಪುಸ್ತಕಗಳ ಮೊದಲನೆಯ ಅಧ್ಯಾಯಗಳು. ಲೋಕದ ಪ್ರಾರಂಭ, ಕರ್ತನ ಜನನ, ಸೆರೆಯಿಂದ ಹಿಂತಿರುಗಿದವರ ಪ್ರಯಾಣ, ಸಭೆಯ ಉದಯ, ಈ ನಾಲ್ಕೂ ಒಂದೇ ದಿನದಲ್ಲಿ ಬರುವವು.

ಆ ಪತ್ರದಲ್ಲಿ ಅಯ್ಯನವರು ಮೊದಲು ಹೇಳಿದ್ದು ಲಾಭಗಳನ್ನಲ್ಲ, ಅಪಾಯಗಳನ್ನೇ. ಇದೇ ನಮ್ಮನ್ನು ಬಹಳವಾಗಿ ತಟ್ಟಿತು. ಓದು ಬರೀ ವಾಡಿಕೆಯಾಗಿ ಒಣಗೀತೆಂಬದು ಒಂದು. ಈ ದಿನದ ಪಾಲನ್ನು ತೀರಿಸಿದೆನೆಂದು ಮನುಷ್ಯನು ತನ್ನನ್ನು ನೀತಿವಂತನೆಂದೆಣಿಸಿಕೊಂಡಾನೆಂಬದು ಎರಡು. ಅವಸರದಿಂದ ಅಜಾಗ್ರತೆಯಾಗಿ ಓದಿಯಾನೆಂಬದು ಮೂರು. ಕೆಲವರಿಗೆ ಇದು ಹೊರಲಾರದ ನೊಗವಾದೀತೆಂಬದು ನಾಲ್ಕು. ಅಂಥವರು ಈ ನೊಗವನ್ನು ತೆಗೆದಿಟ್ಟು, ತಮಗೆ ರುಚಿಕರವಾದಷ್ಟನ್ನೇ ಸಂತೋಷದಿಂದ ತಿನ್ನಲೆಂದು ಅವರು ಅಪ್ಪಣೆಕೊಟ್ಟರು. ನಮ್ಮ ತುಂಬಿದ ಕಾಗದವನ್ನು ನೆನಸಿಕೊಂಡಾಗ, ನಾಲ್ಕು ಅಪಾಯಗಳಲ್ಲಿ ಮೂರಕ್ಕಾದರೂ ನಾವು ಸಿಕ್ಕಿಬಿದ್ದಿದ್ದೆವೆಂದು ಒಪ್ಪಿಕೊಳ್ಳಬೇಕಾಯಿತು.

ಆಮೇಲೆ ಅವರು ಲಾಭಗಳನ್ನು ಎಣಿಸಿದರು. ವೇದವೆಲ್ಲಾ ಕ್ರಮವಾಗಿ ಓದಲ್ಪಡುವದು. ಯಾವ ಭಾಗವನ್ನು ಓದೋಣವೆಂದು ಹುಡುಕುವದರಲ್ಲಿ ಹೊತ್ತು ಹಾಳಾಗದು. ತಂದೆತಾಯಿಗಳಿಗೆ ಮಕ್ಕಳನ್ನು ಪ್ರಶ್ನೆ ಕೇಳುವದಕ್ಕೆ ವಿಷಯ ಸಿಕ್ಕುವದು. ಮಂದೆಯು ಯಾವ ಹುಲ್ಲುಗಾವಲಿನಲ್ಲಿ ಮೇಯುತ್ತದೆಂದು ಕುರುಬನಿಗೆ ತಿಳಿದಿರುವದು. ಒಬ್ಬರಿಗೊಬ್ಬರು ದೂರವಿದ್ದರೂ ಎಲ್ಲರೂ ಒಂದೇ ವಾಕ್ಯವನ್ನು ಧ್ಯಾನಿಸುವದರಿಂದ ಪ್ರೀತಿಯ ಕಟ್ಟು ಬಿಗಿಯಾಗುವದು. ಮನೆಯ ಯಜಮಾನನು ಅಧ್ಯಾಯವನ್ನು ಮುಂಚಿತವಾಗಿ ಓದಿ ಎರಡು ಮೂರು ಮುಖ್ಯ ವಚನಗಳನ್ನು ಗುರುತಿಟ್ಟುಕೊಂಡು, ಅವುಗಳ ಮೇಲೆ ಸುಲಭವಾದ ಪ್ರಶ್ನೆಗಳನ್ನು ಕೇಳಬೇಕೆಂದೂ ಅವರು ಕಲಿಸಿದರು.

1843ನೆಯ ಇಸವಿ ಜನವರಿ 1 ಭಾನುವಾರವಾಗಿತ್ತು. ಆ ದಿನ ಪಠನವು ಆರಂಭವಾಯಿತು. ಮಾರ್ಚ್ ತಿಂಗಳಲ್ಲಿ ಊರಿನಲ್ಲಿ ವಿಷಜ್ವರವು ಹರಡಿತು. ರೋಗಿಗಳನ್ನು ನೋಡುತ್ತಿದ್ದ ಅಯ್ಯನವರೂ ಆ ಜ್ವರದಿಂದ ಮಲಗಿದರು. ಮಾರ್ಚ್ 25 ಶನಿವಾರ ಬೆಳಿಗ್ಗೆ ಅವರು ಕರ್ತನಲ್ಲಿ ನಿದ್ರೆಹೋದರು. ಅವರ ಪ್ರಾಯ 29. ಅದು ಪಟ್ಟಿಯ 84ನೆಯ ದಿನ. ಆ ದಿನದ ಪಾಠಗಳಲ್ಲಿ ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯವೂ ಒಂದಾಗಿತ್ತು. ದ್ರಾಕ್ಷೇಬಳ್ಳಿಯನ್ನೂ ಕೊಂಬೆಗಳನ್ನೂ ಕುರಿತು ಕರ್ತನು ಹೇಳಿದ ಮಾತುಗಳು ಅಲ್ಲಿವೆ. ಪಾಲಕನು ಹೋದನು, ಆದರೆ ಮರುದಿನದ ಹುಲ್ಲುಗಾವಲು ಯಾವದೆಂದು ಮಂದೆಗೆ ಬರೆದುಕೊಟ್ಟೇ ಹೋಗಿದ್ದನು. 281 ದಿನಗಳ ಪಾಠವು ಇನ್ನೂ ಅವರ ಮುಂದಿತ್ತು.

ಅವರನ್ನು ತಮ್ಮ ದೇವಾಲಯದ ಮಗ್ಗುಲಲ್ಲಿಯೇ ಹೂಣಿಟ್ಟರು. 1844ರಲ್ಲಿ ಬೋನಾರ್ ಅಯ್ಯನವರು ಸ್ನೇಹಿತರ ಚರಿತ್ರೆಯನ್ನು ಬರೆದು ಪ್ರಕಟಿಸಿದರು. ಒಂದು ಊರಿನ ಬಡಸಭೆಗೋಸ್ಕರ ಬರೆಯಲ್ಪಟ್ಟ ಆ ಪಟ್ಟಿಯನ್ನು ಈಗಲೂ ಅನೇಕ ದೇಶಗಳಲ್ಲಿ ಅನುಸರಿಸುವವರಿದ್ದಾರೆ.

ಸಹೋದರ ಸಹೋದರಿಯರೇ, ನಾವೂ ಲೆಕ್ಕವಿಡೋಣ. ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೆರೆ ಎಳೆಯುವ ಹಾಗೆ ಓದಿದ ದಿನಕ್ಕೊಂದು ಗೆರೆ ಎಳೆದರೆ ಸಾಕು. ಓದುಬಾರದ ತಾಯಂದಿರು ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿ ಕೇಳಲಿ. ಆ ಗೆರೆ ಅವರದೂ ಆಗಿದೆ. ಬಿತ್ತನೆಯ ಕಾಲದಲ್ಲಿ ಕೆಲವು ದಿನಗಳು ತಪ್ಪಿಹೋದರೆ ನಾವು ಮಾಡಿದಂತೆ ಓಡಬೇಡಿರಿ. ಆ ಹೊತ್ತಿನ ಪಾಠವನ್ನೇ ಎತ್ತಿಕೊಂಡು ಎಲ್ಲರ ಸಂಗಡ ನಡೆಯಿರಿ; ಬಿಟ್ಟದ್ದನ್ನು ಭಾನುವಾರದ ಮಧ್ಯಾಹ್ನದಲ್ಲಿ ನಿಧಾನವಾಗಿ ಓದಿಕೊಳ್ಳಬಹುದು. ನಾಲ್ಕು ಅಧ್ಯಾಯ ಹೆಚ್ಚಾದರೆ ಎರಡಾಗಲಿ, ಎರಡು ಹೆಚ್ಚಾದರೆ ಒಂದಾಗಲಿ. ಲೆಕ್ಕವು ನಾವು ಉಂಡೆವೋ ಇಲ್ಲವೋ ಎಂದು ನೆನಪುಕೊಡುವದಕ್ಕೆ ಮಾತ್ರ. ಹಸಿವನ್ನು ತೀರಿಸುವದು ಗೆರೆಯಲ್ಲ, ಆಹಾರವೇ.